ಹಳಿ ಹೋದರೂ ದಾರಿ ಉಳಿಯಲಿ

ನಮ್ಮ ತೋಟದ ಮೇಲ್ಗಡೆ ಒಂದು ಬೇಣ. ಬೇಣದ ಆಚೆ ಅಂಚಿಗೆ ರೈಲು ಹಳಿ. ಸಾಗರದಿಂದ ತಾಳಗುಪ್ಪಕ್ಕೆ ಹೋಗುವ ಮಾರ್ಗ ಅದು. ನಾನು ಹುಟ್ಟುವ ಮೊದಲೇ ಇತ್ತು, ಈಗಲೂ ಇದೆ. ಆದರೆ ನಡುವೆ ಒಂದು ಕಾಲದಲ್ಲಿ ಅದು ಹೋಗಿಬಿಟ್ಟರೆ ಒಳ್ಳೆಯದು ಎಂದು ಆಸೆ ಪಟ್ಟವರಲ್ಲಿ ನಾನೂ ಒಬ್ಬ. ಅದನ್ನು ಮುಚ್ಚಿಡದೆ ಹೇಳಿಯೇ ಈ ಲೇಖನ ಶುರು ಮಾಡುತ್ತೇನೆ.

1990ರ ದಶಕದ ಕೊನೆಯ ಮಾತು. ನಮ್ಮ ಕಡೆ ಓಡುತ್ತಿದ್ದದ್ದು ಬರೀ ರೈಲುಬಸ್ಸು. ‘ಇನ್ನು ಹಳಿ ಕೀಳ್ತಾರಂತೆ’ ಎಂಬ ಸುದ್ದಿ ಊರಲ್ಲಿ ಹಬ್ಬಿತ್ತು. ನನಗೆ ಕಂಡದ್ದು ಹಳಿಯ ಎರಡೂ ಕಡೆ ಬಿದ್ದಿದ್ದ ಜಾಗ. ಹೇಗಾದರೂ ಮಾಡಿ ಆ ಪಟ್ಟಿ ನಮ್ಮ ಬೇಣಕ್ಕೆ ಸೇರಿದರೆ ಒಂದಿಷ್ಟು ಹೊಸ ತೋಟ ಎಬ್ಬಿಸಬಹುದು ಎಂದು ಲೆಕ್ಕ ಹಾಕಿದ್ದೆ. ಅಪ್ಪಯ್ಯನ ಹತ್ತಿರ ಹೇಳಿದಾಗ ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ್ದು ಇಷ್ಟೇ: “ತಮಾ, ಹಳಿ ಕೀಳಲೆ ಒಂದು ತಿಂಗಳು ಸಾಕು. ತಿರುಗಿ ಹಾಕವು ಹೇಳಿ ಆದ್ರೆ ದಾರಿ ಎಲ್ಲಿಂದ ತತ್ತೆ?”

ಆಗ ಆ ಮಾತು ನನಗೆ ಹತ್ತಲಿಲ್ಲ. ಈಗ ಹತ್ತಿದೆ. ನಿಂತುಹೋದ ಬೇರೆ ಬೇರೆ ರೈಲು ಮಾರ್ಗಗಳ ಕತೆ ಓದಿ, ಕೆಲವನ್ನು ಹೋಗಿ ನೋಡಿ, ನನಗೆ ಗಟ್ಟಿಯಾದ ಒಂದೇ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಾರ್ಗ ಬಡವಾದದ್ದು ಹೇಗೆ?

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟುವಾಗ 1940ರ ಹೊತ್ತಾಯಿತು. ಎಲ್ಲ ಮೀಟರ್‌ಗೇಜ್. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ನೂರು ಕಿಲೋಮೀಟರಿಗೆ ತುಸು ಕಡಿಮೆ. ಜೋಗದ ವಿದ್ಯುತ್ ಯೋಜನೆಯ ಸಾಮಾನು ಮೇಲೆ ಬಂದದ್ದು, ಮಲೆನಾಡಿನ ನಾಟ ಕೆಳಗೆ ಹೋದದ್ದು ಈ ಹಳಿಯ ಮೇಲೆ. ಟಿ.ವಿ.ಯಲ್ಲಿ ಶಂಕರನಾಗ್ ತೆಗೆದ ‘ಮಾಲ್ಗುಡಿ ಡೇಸ್’ ನೋಡಿದವರಿಗೆ ಅರಸಾಳು ಸ್ಟೇಷನ್ನಿನ ಗುರುತು ಹತ್ತಿರುತ್ತದೆ.

ಬಡತನ ಬಂದದ್ದು ಎರಡು ಕಡೆಯಿಂದ. ಮೊದಲನೆಯದು ಲಾರಿ. ಅದು ಎಲ್ಲರಿಗೂ ಗೊತ್ತು. ಎರಡನೆಯದು ಗೇಜು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಳಿಯಿಂದ ಹಳಿಗೆ ಇರುವ ಅಂತರವೇ ಗೇಜು. ಬ್ರಾಡ್‌ಗೇಜ್ 1676 ಮಿಲಿಮೀಟರು, ಮೀಟರ್‌ಗೇಜ್ 1000, ಸಣ್ಣ ನ್ಯಾರೋಗೇಜ್ 762 ಅಥವಾ 610. ಒಂದರ ಗಾಡಿ ಇನ್ನೊಂದರ ಮೇಲೆ ಓಡುವುದಿಲ್ಲ. ದೇಶದ ತುಂಬ ಒಂದೇ ಗೇಜು ಮಾಡಬೇಕೆಂದು ರೈಲ್ವೆ 1992ರಲ್ಲಿ ದೊಡ್ಡ ಯೋಜನೆ ಹಿಡಿಯಿತು. ತೀರ್ಮಾನ ಸರಿಯೇ. ಆದರೆ ಮುಖ್ಯ ಮಾರ್ಗ ಮೊದಲು, ಕವಲು ಆಮೇಲೆ. 1990ರ ದಶಕದ ನಡುವಿನಲ್ಲಿ ಶಿವಮೊಗ್ಗದವರೆಗೆ ಬ್ರಾಡ್‌ಗೇಜ್ ಬಂತು. ಅಲ್ಲಿಂದ ಈಚೆಗೆ ನಾವು ಮೀಟರ್‌ಗೇಜಿನ ನಡುಗಡ್ಡೆಯಾಗಿ ಉಳಿದೆವು.

ಇದರ ಪರಿಣಾಮ ಎಂತದು? ಅಡಿಕೆ ಮೂಟೆಯನ್ನೇ ತೆಗೆದುಕೊಳ್ಳಿ. ಲಾರಿಯಾದರೆ ಮನೆ ಬಾಗಿಲಲ್ಲಿ ಒಮ್ಮೆ ಹತ್ತುತ್ತದೆ, ಮಂಡಿ ಬಾಗಿಲಲ್ಲಿ ಒಮ್ಮೆ ಇಳಿಯುತ್ತದೆ. ರೈಲಿಗಾದರೆ ಸ್ಟೇಷನ್ನಿಗೆ ಒಯ್ದು ಹತ್ತಿಸಬೇಕು, ಗೇಜು ಬದಲಾಗುವಲ್ಲಿ ಇಳಿಸಿ ಇನ್ನೊಂದು ವ್ಯಾಗನ್ನಿಗೆ ಹತ್ತಿಸಬೇಕು, ಕೊನೆಗೆ ಇಳಿಸಿ ಮಂಡಿಗೆ ಒಯ್ಯಬೇಕು. ಪ್ರತಿ ಸಲವೂ ಹಮಾಲಿ, ಪ್ರತಿ ಸಲವೂ ಕೊಕ್ಕೆಯ ತೂತು. ಹೀಗಾದ ಮೇಲೆ ಸಾಮಾನು ಯಾರು ಕೊಡುತ್ತಾರೆ? ಸಾಮಾನಿಲ್ಲ ಎಂದು ಗೂಡ್ಸ್ ಹೋಗುತ್ತದೆ. ಜನ ಕಡಿಮೆ ಎಂದು ರೈಲು ಹೋಗಿ ರೈಲುಬಸ್ಸು ಬರುತ್ತದೆ. ರೈಲುಬಸ್ಸು ನಿಧಾನ, ಜಾಗ ಕಡಿಮೆ ಎಂದು ಇದ್ದ ಜನವೂ ಬಸ್ಸಿಗೆ ಹೋಗುತ್ತಾರೆ. ಕೊನೆಗೆ ಪುಸ್ತಕ ತೆಗೆದು ‘ನೋಡಿ, ನಷ್ಟ’ ಎಂದು ತೋರಿಸುವುದು ಬಹಳ ಸುಲಭ.

ಸರಿಯಾಗಿ ಗೊಬ್ಬರ ಹಾಕದೆ, ಬಸಿಗಾಲುವೆ ಬಿಡಿಸದೆ ತೋಟ ಕೆಡಿಸಿ, ಆಮೇಲೆ ‘ಈ ತೋಟ ಫಸಲು ಕೊಡುವುದಿಲ್ಲ’ ಎಂದ ಹಾಗಾಯಿತು ಇದು.

ಹಳ್ಳ ಮುಚ್ಚಿ ಹೊಳೆ ಉಳಿಸುವ ಲೆಕ್ಕ

ಇಂಥ ಲೆಕ್ಕದ ಅತಿ ದೊಡ್ಡ ಉದಾಹರಣೆ ಬ್ರಿಟನ್ನಿನದು. ಅಲ್ಲಿ 1963ರಲ್ಲಿ ರಿಚರ್ಡ್ ಬೀಚಿಂಗ್ ಎನ್ನುವವರು ರೈಲ್ವೆಯ ನಷ್ಟ ತಪ್ಪಿಸಲು ಒಂದು ವರದಿ ಕೊಟ್ಟರು. 2363 ಸ್ಟೇಷನ್ನುಗಳನ್ನೂ ಸುಮಾರು 5000 ಮೈಲಿ ಮಾರ್ಗವನ್ನೂ ಮುಚ್ಚಬೇಕೆಂಬುದು ಅದರ ಸಾರಾಂಶ. ಬಹುಪಾಲು ಹಾಗೆಯೇ ಆಯಿತು.

ಕವಲಿನ ನಷ್ಟ ಸುಳ್ಳೇನಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ದೋಷವಿತ್ತು ಎಂದು ಆಮೇಲೆ ಬಹಳ ಮಂದಿ ಎತ್ತಿ ತೋರಿಸಿದರು. ಕವಲು ಮಾರ್ಗದಲ್ಲಿ ಹತ್ತಿದವನು ಅಲ್ಲೇ ಇಳಿಯುವುದಿಲ್ಲ. ಜಂಕ್ಷನ್ನಿಗೆ ಬಂದು ಮುಖ್ಯ ಮಾರ್ಗದಲ್ಲಿ ನೂರಾರು ಮೈಲಿ ಹೋಗುತ್ತಾನೆ. ಕವಲು ಮುಚ್ಚಿದ ಮೇಲೆ ಅವನು ಬಸ್ಸು ಹಿಡಿದು ಜಂಕ್ಷನ್ನಿಗೆ ಬರುತ್ತಾನೆ ಎಂದು ಎಣಿಸಿದ್ದರು. ಬರಲಿಲ್ಲ. ಒಮ್ಮೆ ರಸ್ತೆ ಹಿಡಿದವನು ಊರು ಮುಟ್ಟುವವರೆಗೂ ರಸ್ತೆಯಲ್ಲೇ ಹೋದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹಳ್ಳದಲ್ಲಿ ನೀರು ಕಡಿಮೆ ಎಂದು ಹಳ್ಳ ಮುಚ್ಚಿದರೆ ಬೇಸಿಗೆಯಲ್ಲಿ ಹೊಳೆಯೂ ಸೊರಗುತ್ತದೆ.

ಆಗ ಹೋದವುಗಳಲ್ಲಿ ಒಂದು ಸ್ಕಾಟ್ಲೆಂಡಿನ ಎಡಿನ್‌ಬರೊದಿಂದ ದಕ್ಷಿಣಕ್ಕೆ, ಕುರಿ ಸಾಕಣೆ ಮತ್ತು ಉಣ್ಣೆ ಗಿರಣಿಗಳ ಸೀಮೆಯ ಮೂಲಕ ಹೋಗುತ್ತಿದ್ದ ವೇವರ್ಲಿ ಮಾರ್ಗ. 1969ರ ಜನವರಿಯಲ್ಲಿ ನಿಂತಿತು. ಹಳಿ ಕಿತ್ತರು. 46 ವರ್ಷದ ಮೇಲೆ, 2015ರ ಸೆಪ್ಟೆಂಬರಿನಲ್ಲಿ, ಅದರ ಸುಮಾರು 30 ಮೈಲಿಯನ್ನು ಮತ್ತೆ ತೆರೆದರು. ಖರ್ಚು ಸುಮಾರು 30 ಕೋಟಿ ಪೌಂಡು. ಅಷ್ಟೊತ್ತಿಗೆ ಎಡಿನ್‌ಬರೊದ ಬೈಪಾಸ್ ರಸ್ತೆ ಹಳೆಯ ದಾರಿಯ ಮೇಲೆಯೇ ಹಾದುಹೋಗಿತ್ತು. ಅದನ್ನು ತಿರುಗಿಸಿ ಕಟ್ಟಬೇಕಾಯಿತು. ಮೊದಲ ವರ್ಷ ಆರೂವರೆ ಲಕ್ಷ ಪ್ರಯಾಣ ಆಗಬಹುದು ಎಂದು ಅಂದಾಜಿಸಿದ್ದರು. ಆದದ್ದು 12 ಲಕ್ಷಕ್ಕೂ ಹೆಚ್ಚು. ಇಷ್ಟೆಲ್ಲ ಆದ ಮೇಲೂ ಹಳೆಯ ಮಾರ್ಗದ ಮೂರನೇ ಒಂದು ಪಾಲು ಮಾತ್ರ ಸಿಕ್ಕಿತು.

ಗೇಣಿ ತೋಟದ ಹಾಗೆ

ನಮ್ಮ ದೇಶದಲ್ಲಿ ರೈತರು ಮರೆಯಬಾರದ ಮಾರ್ಗ ವಿದರ್ಭದ ‘ಶಕುಂತಲಾ’. ಹತ್ತಿ ಸೀಮೆಯ ಮೂರ್ತಿಜಾಪುರದಿಂದ ಒಂದು ಕಡೆ ಯವತಮಾಳಕ್ಕೆ 113 ಕಿ.ಮೀ., ಇನ್ನೊಂದು ಕಡೆ ಅಚಲಪುರಕ್ಕೆ 76 ಕಿ.ಮೀ. ಹೋಗುತ್ತಿದ್ದ 762 ಮಿಲಿಮೀಟರಿನ ಪುಟ್ಟ ರೈಲು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಯೊಂದು ಹಾಕಿಸಿದ್ದು. ಹಳ್ಳಿಯ ಹತ್ತಿಯನ್ನು ಮುಖ್ಯ ಮಾರ್ಗಕ್ಕೆ ತಂದು, ಅಲ್ಲಿಂದ ಮುಂಬಯಿ, ಹಡಗು, ಮ್ಯಾಂಚೆಸ್ಟರಿನ ಗಿರಣಿ. 1920ರ ದಶಕದಲ್ಲಿ ಬಂದ ಉಗಿ ಎಂಜಿನ್ನು 1994ರ ಏಪ್ರಿಲ್‌ವರೆಗೂ ಅದನ್ನು ಎಳೆಯಿತು. ಆಮೇಲೆ ಡೀಸೆಲ್.

ಇದರ ವಿಶೇಷ ಏನೆಂದರೆ, ಸ್ವಾತಂತ್ರ್ಯ ಬಂದ ಮೇಲೂ ಹಳಿ ಕಂಪನಿಯದೇ ಆಗಿ ಉಳಿಯಿತು. ಓಡಿಸುವುದು ಮಾತ್ರ ಭಾರತೀಯ ರೈಲ್ವೆ, ಗುತ್ತಿಗೆಯ ಮೇಲೆ. ಗೇಣಿ ತೋಟದ ಅನುಭವ ಇದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಡೆಯ ಗೇಣಿ ಎಣಿಸಿಕೊಳ್ಳುತ್ತಾನೆ, ಮಣ್ಣು ಹಾಕಿಸುವುದಿಲ್ಲ. ಗೇಣಿದಾರ ‘ನಾಳೆ ಯಾರದ್ದೋ’ ಎಂದು ಸಸಿ ಇಡುವುದಿಲ್ಲ. ಹಳಿ ಸವೆಯಿತು, ವೇಗ ಇಳಿಯಿತು, 2010ರ ದಶಕದಲ್ಲಿ ರೈಲೇ ನಿಂತಿತು. ಬಸ್ಸಿಗಿಂತ ಎಷ್ಟೋ ಕಡಿಮೆ ದುಡ್ಡಿನಲ್ಲಿ ಆಸ್ಪತ್ರೆಗೆ, ಸಂತೆಗೆ ಹೋಗುತ್ತಿದ್ದ ಬಡವರು ಅದರ ಗಿರಾಕಿಗಳಾಗಿದ್ದರು. ಅದನ್ನು ಬ್ರಾಡ್‌ಗೇಜ್ ಮಾಡಿಕೊಡಿ ಎಂದು ಅಲ್ಲಿಯವರು ವರ್ಷಗಟ್ಟಲೆ ಕೇಳುತ್ತಾ ಬಂದರು.

ಹತ್ತಿ ಬೆಳೆಯುವ ನೆಲ ಅಲ್ಲೇ ಇದೆ, ಊರುಗಳು ಅಲ್ಲೇ ಇವೆ. ಮಾರ್ಗ ಸಾಯಬೇಕಾದ ಕಾರಣ ಅಲ್ಲಿ ನೆಲದಲ್ಲಿ ಇರಲಿಲ್ಲ, ಕಾಗದದಲ್ಲಿ ಇತ್ತು ಎಂಬುದು ನನ್ನ ಅನಿಸಿಕೆ.

ಮತ್ತೆ ಜೀವ ಬಂದವು

ಇನ್ನು ನಮ್ಮ ರಾಜ್ಯಕ್ಕೆ ಬನ್ನಿ. ನಿಂತದ್ದು ಮತ್ತೆ ಓಡಿದ ಉದಾಹರಣೆ ನಮ್ಮಲ್ಲೇ ಬೇಕಾದಷ್ಟು ಇವೆ.

ಹೊಸಪೇಟೆ–ಕೊಟ್ಟೂರು ಮಾರ್ಗದಲ್ಲಿ 1990ರ ದಶಕದಲ್ಲಿ ಪ್ರಯಾಣಿಕರ ರೈಲು ನಿಂತುಹೋಗಿತ್ತು. ಆಮೇಲೆ ಬ್ರಾಡ್‌ಗೇಜ್ ಆಗಿ, ಕೊಟ್ಟೂರಿನಿಂದ ಹರಿಹರಕ್ಕೆ ಹೊಸ ಹಳಿಯ ಜೋಡಣೆಯೂ ಆಗಿ, 2019ರಲ್ಲಿ ಮತ್ತೆ ರೈಲು ಬಂತು. ಮೊದಲು ಕೊಟ್ಟೂರಿನಲ್ಲಿ ಮುಗಿಯುತ್ತಿದ್ದ ಕುರುಡು ಕವಲು ಈಗ ಎರಡೂ ಕಡೆ ಬಾಯಿ ಇರುವ ಮಾರ್ಗ.

ಅಳ್ನಾವರ–ದಾಂಡೇಲಿ ಮಾರ್ಗ ಹಾಕಿದ್ದು ಕಾಡಿನ ನಾಟ ಸಾಗಿಸಲು. ಅಲ್ಲೂ ಪ್ರಯಾಣಿಕರ ರೈಲು 1990ರ ದಶಕದಲ್ಲಿ ನಿಂತದ್ದು 2019ರ ನವೆಂಬರಿನಲ್ಲಿ ಮತ್ತೆ ಶುರುವಾಯಿತು.

ಕೋಲಾರ–ಚಿಕ್ಕಬಳ್ಳಾಪುರದ ನಡುವೆ ಚಿಂತಾಮಣಿ, ಶ್ರೀನಿವಾಸಪುರದ ಮಾವು, ತರಕಾರಿ ಸೀಮೆಯಲ್ಲಿ ನ್ಯಾರೋಗೇಜ್ ಗಾಡಿ ಇತ್ತು. ಅದು ನಿಂತು ಎಷ್ಟೋ ವರ್ಷದ ಮೇಲೆ, 2013ರಲ್ಲಿ ಬ್ರಾಡ್‌ಗೇಜ್ ರೈಲು ಬಂತು.

ಹಾಸನ–ಮಂಗಳೂರು ಮಾರ್ಗವಂತೂ ಕರಾವಳಿಯ ಓದುಗರಿಗೆ ಚೆನ್ನಾಗಿ ಗೊತ್ತು. 1979ರಲ್ಲಿ ಪೂರ್ತಿಯಾಯಿತು. ಗೇಜು ಬದಲಾವಣೆಗೆಂದು 1996ರಲ್ಲಿ ನಿಲ್ಲಿಸಿದರು. ಗೂಡ್ಸ್ ಬಂದದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ‘ತಾತ್ಕಾಲಿಕ’ ಎಂಬ ಮಾತು 11 ವರ್ಷ ಎಳೆಯಿತು. ಆ ಕಾಲದಲ್ಲಿ ಹುಡುಗರು ಚೀಲ ಬೆನ್ನಿಗೆ ಹಾಕಿಕೊಂಡು ಎಡಕುಮೇರಿಯ ಹಳಿಯ ಮೇಲೆ ಚಾರಣ ಹೋಗುತ್ತಿದ್ದರು.

ಈ ನಾಲ್ಕಕ್ಕೂ ಇರುವ ಸಮಾನ ಸಂಗತಿ ಒಂದೇ. ರೈಲು ನಿಂತಿತ್ತು, ಕೆಲವು ಕಡೆ ಹಳಿಯೂ ಇರಲಿಲ್ಲ. ಆದರೆ ದಾರಿ ರೈಲ್ವೆಯ ಕೈಯಲ್ಲೇ ಇತ್ತು.

ಬೆಲೆ ಬಾಳುವುದು ದಾರಿ

ರೈಲು ಮಾರ್ಗ ಎಂದರೆ ಕಬ್ಬಿಣ ಎಂದು ನಾವು ತಿಳಿಯುತ್ತೇವೆ. ಕಬ್ಬಿಣ, ಸ್ಲೀಪರು, ಜಲ್ಲಿ ಎಲ್ಲ ಹೇಗೂ ಕಾಲಕಾಲಕ್ಕೆ ಬದಲಾಯಿಸುವ ಸಾಮಾನು. ನಿಜವಾದ ಆಸ್ತಿ ಅದರ ಅಡಿಯ ನೆಲ.

ಕಬ್ಬಿಣದ ಮೇಲೆ ಕಬ್ಬಿಣದ ಚಕ್ರ ಬಹಳ ಹಗುರವಾಗಿ ಉರುಳುತ್ತದೆ. ಅದೇ ರೈಲಿನ ಲಾಭ. ಆದರೆ ಅದೇ ಕಾರಣಕ್ಕೆ ಏರು ಹತ್ತುವಾಗ ಜಾರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಅಡಿ ಹೋದರೆ ಒಂದು ಅಡಿ ಏರು. ರೈಲಿಗೆ ಅದೇ ಕಡಿದು. ನಮ್ಮ ಜೀಪು ಹತ್ತುವ ರಸ್ತೆ ಇದಕ್ಕಿಂತ ಎಷ್ಟೋ ಕಡಿದಾಗಿರುತ್ತದೆ. ಹಾಗಾಗಿ ರೈಲಿಗೆ ಗುಡ್ಡ ಕಡಿಯಬೇಕು, ತಗ್ಗು ತುಂಬಬೇಕು, ಹಳ್ಳಕ್ಕೆಲ್ಲ ಮೋರಿ ಕಟ್ಟಬೇಕು, ತಿರುವನ್ನು ಉದ್ದಕ್ಕೆ ಎಳೆಯಬೇಕು. ಆ ಘಾಟಿಯೊಂದರಲ್ಲೇ 57 ಸುರಂಗ.

ಗೇಜು ದೊಡ್ಡದು ಮಾಡುವಾಗ ದಿಬ್ಬ ಅಗಲ ಮಾಡಬೇಕು, ಸೇತುವೆ ಗಟ್ಟಿ ಮಾಡಬೇಕು, ಕೆಲವು ತಿರುವು ಸರಿಪಡಿಸಬೇಕು. ಖರ್ಚು ಇದ್ದೇ ಇದೆ. ಆದರೆ ನೂರಾರು ಜನರ ಜಮೀನಿನ ಮೂಲಕ ಹೊಸದಾಗಿ ದಾರಿ ಬಿಡಿಸುವ ತಾಪತ್ರಯ ಇಲ್ಲ. ಇವತ್ತು ನಮ್ಮ ಕಡೆ ತೋಟದ ನಡುವೆ ಹೊಸ ಹಳಿಗೆ ಜಾಗ ಕೇಳಿದರೆ ಯಾರು ಕೊಡುತ್ತಾರೆ? ನಾನಂತೂ ಕೊಡುವುದಿಲ್ಲ.

ಇನ್ನೊಂದು ಮಾತು. ಅಡಿಕೆ ತೋಟದಲ್ಲಿ ಎರಡು ಗಿಡ ಸತ್ತರೆ ಉಳಿದವು ಫಸಲು ಕೊಡುತ್ತವೆ. ರೈಲು ದಾರಿ ಹಾಗಲ್ಲ. ಅದು ನೀರಿನ ಪೈಪಿನಂತೆ. ನೂರು ಕಿಲೋಮೀಟರಿನಲ್ಲಿ ನೂರು ಅಡಿ ಯಾರಿಗೋ ಮಾರಿದರೂ ಪೂರ್ತಿ ಹೋದಂತೆ. ನಾನು ಆಸೆ ಪಟ್ಟಿದ್ದ ಆ ತುಂಡು ಪಟ್ಟಿಯ ನಿಜವಾದ ಬೆಲೆ ಅದು.

ಅಮೆರಿಕದಲ್ಲಿ ಇದಕ್ಕೆ 1983ರಲ್ಲೇ ಒಂದು ಕಾನೂನಿನ ದಾರಿ ಮಾಡಿದ್ದಾರೆ. ರೈಲು ನಿಂತ ಮಾರ್ಗವನ್ನು ತುಂಡು ಮಾಡಿ ಹಂಚದೆ, ನಡೆಯುವ ಮತ್ತು ಸೈಕಲ್ ದಾರಿಯಾಗಿ ಇಟ್ಟುಕೊಳ್ಳುವುದು. ಮುಂದೆ ರೈಲು ಬೇಕಾದರೆ ವಾಪಸು. ನಾವು ಬೀಜದ ಭತ್ತ ಕಣಜದಲ್ಲಿ ಇಟ್ಟ ಹಾಗೆ.

ಎಲ್ಲವೂ ಉಳಿಯಬೇಕೆಂದಿಲ್ಲ

ಹಾಗೆಂದು ಹಾಕಿದ ಹಳಿಯೆಲ್ಲ ಉಳಿಯಲೇಬೇಕು ಎನ್ನುವ ಹಟ ನನ್ನದಲ್ಲ. ಪರಂಬಿಕುಲಂ ಕಾಡಿನಿಂದ ಚಾಲಕ್ಕುಡಿಗೆ ಕೊಚ್ಚಿ ಸಂಸ್ಥಾನದವರು 1907ರಲ್ಲಿ ಟ್ರಾಮ್‌ವೇ ಹಾಕಿದ್ದರು. ತೇಗ, ಬೀಟೆ ಇಳಿಸುವುದಕ್ಕೆ. 1963ರಲ್ಲಿ ಮುಚ್ಚಿದರು. ನಾಟ ಕಡಿಯುವುದೇ ಕೆಲಸವಾಗಿದ್ದ ಹಳಿ, ಇದ್ದಿದ್ದರೆ ಇನ್ನಷ್ಟು ಕಾಡು ಹೋಗುತ್ತಿತ್ತು. ನಮ್ಮ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇದ್ದ ಎರಡು ಅಡಿ ಗೇಜಿನ ಪುಟ್ಟ ರೈಲು ಕೂಡ ಮುಖ್ಯವಾಗಿ ನಾಟದ ಮೇಲೆ ನಿಂತದ್ದು. ಆದರೆ ಅದು ಎರಡು ಊರುಗಳನ್ನು ಜೋಡಿಸಿತ್ತು. ಹಳಿ ಹೋದರೂ ದಾರಿಯನ್ನಾದರೂ ಇಟ್ಟುಕೊಂಡಿದ್ದರೆ ಎಂದು ನನಗೆ ಅನ್ನಿಸುವುದುಂಟು.

ಒಂದು ಮಾರ್ಗ ಉಳಿಸಲು ಯೋಗ್ಯವೋ ಅಲ್ಲವೋ ಎಂದು ನೋಡಲು ನಾನು ಕೇಳಿಕೊಳ್ಳುವ ಪ್ರಶ್ನೆಗಳು ಇವು:

1. ಕೊನೆಯ ಸ್ಟೇಷನ್ನಿನ ಸುತ್ತ ಜನ ಇದ್ದಾರೆಯೇ? ಅಥವಾ ತೀರಿಹೋಗುವ ಅದಿರು, ನಾಟ ಮಾತ್ರ ಇತ್ತೇ?

2. ಗಿರಾಕಿ ಇಲ್ಲದೆ ರೈಲು ಕೆಟ್ಟಿತೇ, ರೈಲು ಕೆಟ್ಟದ್ದರಿಂದ ಗಿರಾಕಿ ಹೋದರೇ?

3. ಗೇಜು ಒಂದಾದರೆ ಇಳಿಸಿ ಹತ್ತಿಸುವ ತೊಂದರೆ ತಪ್ಪುತ್ತದೆಯೇ?

4. ಇನ್ನಷ್ಟು ದೂರ ಹಾಕಿದರೆ ಮತ್ತೊಂದು ಮಾರ್ಗಕ್ಕೆ ಕೂಡುತ್ತದೆಯೇ?

5. ದಾರಿ ಇನ್ನೂ ತುಂಡಾಗದೆ ಇದೆಯೇ?

ಮೊದಲ ನಾಲ್ಕಕ್ಕೆ ಉತ್ತರ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಐದನೆಯದಕ್ಕೆ ಒಮ್ಮೆ ‘ಇಲ್ಲ’ ಎಂದಾದರೆ ಅದು ‘ಇಲ್ಲ’ವೇ.

ನಾವು ಮಾಡಬಹುದಾದದ್ದು

ರೈಲು ಓಡಿಸುವುದು ನಮ್ಮ ಕೈಯಲ್ಲಿ ಇಲ್ಲ. ಆದರೆ ದಾರಿ ಕಾಯುವುದು ಸ್ವಲ್ಪ ಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಯಾಕೆಂದರೆ ಹಳಿಯ ಅಂಚಿನ ಜಮೀನು ನಮ್ಮದೇ. ಬೇಲಿ ವರ್ಷಕ್ಕೆ ಒಂದು ಮೊಳ ಸರಿಸುವವರು ನಾವೇ. ಮೋರಿಯ ಬಾಯಿಗೆ ಸೋಗೆ, ಕಸ ರಾಶಿ ಹಾಕುವವರೂ ನಾವೇ. ಮೋರಿ ಕಟ್ಟಿದರೆ ದಿಬ್ಬ ಕೊರೆಯುತ್ತದೆ, ಆ ನೀರು ನಮ್ಮ ತೋಟಕ್ಕೇ ನುಗ್ಗುತ್ತದೆ. ನಿಮ್ಮ ಊರಿನಲ್ಲಿ ನಿಂತುಹೋದ ಮಾರ್ಗ ಇದ್ದರೆ ಗ್ರಾಮಸಭೆಯಲ್ಲಿ ಎರಡು ಮಾತು ಬರೆಸಿ ಇಡಿ: ಜಾಗ ಯಾರಿಗೂ ತುಂಡಾಗಿ ಹೋಗಬಾರದು, ರೈಲು ಬರುವವರೆಗೆ ಕಾಲುದಾರಿಯಾಗಿಯೋ ಗಾಡಿದಾರಿಯಾಗಿಯೋ ಊರಿನ ಬಳಕೆಯಲ್ಲಿ ಇರಲಿ. ಬಳಕೆಯಲ್ಲಿದ್ದ ದಾರಿಯನ್ನು ಒಬ್ಬನೇ ನುಂಗುವುದು ಸುಲಭವಲ್ಲ.

ನಮ್ಮ ಮಾರ್ಗದ ಕತೆ ಹೇಳಿ ಮುಗಿಸುತ್ತೇನೆ. ಹಳಿ ಕಿತ್ತದ್ದು ಹೌದು, ಆದರೆ ಅಗಲದ ಹಳಿ ಹಾಕುವುದಕ್ಕೆ. 2010–11ರಲ್ಲಿ ಸಾಗರಕ್ಕೆ, ಆಮೇಲೆ ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ರೈಲು ಬಂತು. ನನ್ನ ಮಗಳು ಮೈಸೂರಿನಲ್ಲಿ ಓದುವಾಗ ರಜೆ ಬಿಟ್ಟರೆ ರೈಲು ಹತ್ತಿ ತಾಳಗುಪ್ಪದಲ್ಲಿ ಇಳಿಯುತ್ತಿದ್ದಳು. ನಡುವೆ ಎಲ್ಲೂ ಗಾಡಿ ಬದಲಿಸುವ ಕೆಲಸ ಇಲ್ಲ. ಅರಸಾಳಿನ ಹಳೆಯ ಸ್ಟೇಷನ್ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಹೆಸರಿನ ಮ್ಯೂಸಿಯಂ ಮಾಡಿದ್ದಾರೆ. ತಾಳಗುಪ್ಪದಿಂದ ಮುಂದೆ ಹೊನ್ನಾವರಕ್ಕೆ, ಶಿರಸಿಗೆ ಹಳಿ ಬೇಕೆಂಬ ಬೇಡಿಕೆ ಹಳೆಯದು. ಅದು ಬರಲಿ, ಬಾರದಿರಲಿ, ಅದರ ಒಳಿತು ಕೆಡುಕಿನ ಚರ್ಚೆ ಬೇರೆ. ಇದ್ದದ್ದು ಉಳಿದಿದೆಯಲ್ಲ, ಅದೇ ದೊಡ್ಡದು.

ಅಪ್ಪಯ್ಯ ಅಗಲದ ಹಳಿ ನೋಡಲು ಇರಲಿಲ್ಲ. ನಾನು ತೋಟ ಎಬ್ಬಿಸಬೇಕೆಂದಿದ್ದ ಆ ಪಟ್ಟಿಯಲ್ಲಿ ಈಗ ಜಲ್ಲಿಯ ದಿಬ್ಬ ಇದೆ. ಕೊನೆಕೊಯ್ಲಿನ ದಿನ ಆಳುಗಳು ರೈಲಿನ ಕೂಗು ಕೇಳಿಯೇ ಚಹಾದ ಹೊತ್ತಾಯಿತು ಎಂದು ಕೊಟ್ಟೆ ಇಳಿಸುತ್ತಾರೆ.

ನಿಮ್ಮ ಕಡೆ ಹೀಗೆ ನಿಂತ ಮಾರ್ಗ, ಉಳಿದ ದಾರಿ ಇದ್ದರೆ ಪತ್ರಿಕೆಗೆ ಬರೆಯಿರಿ. ದಾರಿ ಎಲ್ಲಿಂದ ಎಲ್ಲಿಯವರೆಗೆ ತುಂಡಾಗದೆ ಇದೆ ಎಂಬುದನ್ನು ನಡೆದು ನೋಡಿಯೇ ಬರೆಯಿರಿ.